ಸಂಸಾರದಲ್ಲಿ ಭಾವದ ಹೊಣೆ: ಗೋಕಾಕ ಸೀಮೆಯ ಕೆಲವು ನಿದರ್ಶನಗಳು

ಇತಿಹಾಸವೆಂದೊಡನೆ ರಾಜವಂಶಾವಳಿ, ದಂಡಯಾತ್ರೆ, ದಾನಶಾಸನಗಳು ವಾಚಕರ ಮನಸ್ಸಿಗೆ ಬರುವುದು ಸಹಜ. ಆದರೆ ಯಾವ ಅರಸನ ಆಳಿಕೆಯಲ್ಲಿಯೇ ಆಗಲಿ, ಜನಸಾಮಾನ್ಯರ ಬಾಳಿನ ಬಹುಭಾಗವು ಕಳೆದುದು ಹೊಲದಲ್ಲಿ ಮತ್ತು ಮನೆಯಲ್ಲಿ. ಆ ಮನೆಯೊಳಗೆ ಯಾರು ಯಾರ ಮೇಲೆ ಮುನಿದರು, ಆ ಮುನಿಸು ಹೇಗೆ ತಿಳಿಯಾಯಿತು, ತಿಳಿಯಾಗದೆ ಉಳಿದಾಗ ಅದರ ಭಾರವನ್ನು ಯಾರು ಹೊತ್ತರು ಎಂಬುದಕ್ಕೂ ಒಂದು ಇತಿಹಾಸವುಂಟು. ಇದು ಶಿಲಾಶಾಸನಗಳಲ್ಲಿ ದೊರೆಯದು. ಧರ್ಮಶಾಸ್ತ್ರದ ವ್ಯಾಖ್ಯಾನಗಳಲ್ಲಿ, ಬಯಲಾಟಗಳಲ್ಲಿ, ಗಾದೆಗಳಲ್ಲಿ, ಬೀಸುವ ಕಲ್ಲಿನ ಹಾಡುಗಳಲ್ಲಿ ಚದರಿಕೊಂಡಿದೆ. ಈ ಚದರಿದ ಸಾಮಗ್ರಿಯಲ್ಲಿ ಕೆಲವನ್ನು ಒಂದೆಡೆ ಕೂಡಿಸಿ, ಸಂಸಾರದಲ್ಲಿ ಪ್ರತಿಯೊಬ್ಬನೂ ತನ್ನ ಭಾವಗಳಿಗೆ ತಾನೇ ಹೊಣೆಯಾಗುವುದೆಂದರೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿವೇಚನೆಗೆ ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆಯನ್ನು, ಅದರಲ್ಲಿಯೂ ಮೇಲವಂಕಿಯ ಸುತ್ತಣ ಹಳ್ಳಿಗಳನ್ನು, ಆರಿಸಿಕೊಂಡಿದ್ದೇವೆ. ಇಲ್ಲಿಯ ಒಕ್ಕಲು ಮನೆತನಗಳಲ್ಲಿ ಹೊಲದಂತೆಯೇ ಮುನಿಸೂ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವುದುಂಟು. ‘ಅವರಿಬ್ಬರೂ ಮಾತ ಬಿಟ್ಟಾರ’ ಎಂಬ ಒಂದು ಮಾತಿನಲ್ಲಿ ಅಣ್ಣತಮ್ಮಂದಿರ ಹತ್ತು ವರ್ಷಗಳ ಕಥೆ ಅಡಗಿರುತ್ತದೆ. ಮಾತು ಬಿಟ್ಟವರ ಮಕ್ಕಳೂ ಮಾತು ಬಿಡುತ್ತಾರೆ. ಮೂಲ ಕಾರಣವೇನೆಂದು ಕೇಳಿದರೆ ಮಕ್ಕಳಿಗೆ ತಿಳಿದಿರುವುದೇ ಇಲ್ಲ. ಹಿರಿಯರು ಮಾಡಿದ ಸಾಲದ ಪತ್ರ ಕಳೆದುಹೋಗಿ, ಬಡ್ಡಿ ಮಾತ್ರ ಉಳಿದಂತಿರುವ ಈ ಸ್ಥಿತಿಯನ್ನು ಅರ್ಥಮಾಡಿಕೊಳ್ಳಲು ‘ಹೊಣೆ’ ಎಂಬ ಶಬ್ದದಿಂದಲೇ ತೊಡಗುವುದು ಅನುಕೂಲ.

ಹೊಣೆ ಎಂಬುದರ ಹಳಗನ್ನಡ ರೂಪ ‘ಪೊಣೆ’. ಇದರ ಮುಖ್ಯಾರ್ಥ ಜಾಮೀನು. ಸಾಲಗಾರನ ಪರವಾಗಿ ನಿಲ್ಲುವವನೇ ಹೊಣೆಗಾರ. ಸಂಸ್ಕೃತ ಧರ್ಮಶಾಸ್ತ್ರದಲ್ಲಿ ಇದಕ್ಕೆ ‘ಪ್ರಾತಿಭಾವ್ಯ’ವೆಂದು ಹೆಸರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಕನ್ನಡ ನಾಡಿನಲ್ಲಿ ಹುಟ್ಟಿದ ಈ ಗ್ರಂಥವು ಮುಂದೆ ಬಂಗಾಳವನ್ನುಳಿದು ಭಾರತದ ಬಹುಭಾಗದಲ್ಲಿ ಅವಿಭಕ್ತ ಕುಟುಂಬದ ನ್ಯಾಯಕ್ಕೆ ಆಧಾರವಾಯಿತೆಂಬುದು ಸುಪ್ರಸಿದ್ಧ. ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬ ಅದರ ತತ್ತ್ವವನ್ನು ಎಲ್ಲರೂ ಬಲ್ಲರು. ಆದರೆ ಋಣದ ವಿಷಯದಲ್ಲಿ ಅದು ಅನುಸರಿಸುವ ವಿವೇಕವು ಅಷ್ಟೇ ಗಮನಾರ್ಹವಾಗಿದ್ದರೂ ಅದರ ಕಡೆಗೆ ಹರಿದ ಲಕ್ಷ್ಯ ಕಡಮೆ.

ತಂದೆಯ ಸಾಲವನ್ನು ಮಗನು ತೀರಿಸಬೇಕೆಂಬುದು ಸ್ಮೃತಿಯ ಸಾಮಾನ್ಯ ನಿಯಮ. ಆದರೆ ತಂದೆಯು ಕುಡಿತಕ್ಕಾಗಿ, ಕಾಮಕ್ಕಾಗಿ, ಜೂಜಿಗಾಗಿ ಮಾಡಿದ ಸಾಲವನ್ನಾಗಲಿ, ಆತನು ತೆರದೆ ಉಳಿಸಿದ ದಂಡವನ್ನಾಗಲಿ ಮಗನು ಕೊಡಬೇಕಾದುದಿಲ್ಲ. ಹೊಣೆಯ ವಿಷಯದಲ್ಲಿಯೂ ಇಂತಹುದೇ ವಿಂಗಡಣೆಯಿದೆ. ಹೊಣೆ ಮೂರು ಬಗೆ: ವ್ಯಕ್ತಿಯನ್ನು ಕರೆತಂದು ಎದುರಿಗೆ ನಿಲ್ಲಿಸುವೆನೆಂಬ ‘ದರ್ಶನ’ದ ಹೊಣೆ, ಆತನು ನಂಬಿಕೆಗೆ ಅರ್ಹನೆಂದು ಹೇಳುವ ‘ಪ್ರತ್ಯಯ’ದ ಹೊಣೆ, ಆತನು ಕೊಡದಿದ್ದರೆ ನಾನೇ ಕೊಡುವೆನೆಂಬ ‘ದಾನ’ದ ಹೊಣೆ. ಇವುಗಳಲ್ಲಿ ಕೊನೆಯದು ಮಾತ್ರ ಹೊಣೆಗಾರನ ಮಕ್ಕಳಿಗೂ ಇಳಿಯುತ್ತದೆ. ಮೊದಲಿನೆರಡು ಆ ವ್ಯಕ್ತಿಯೊಡನೆಯೇ ಮುಗಿಯುತ್ತವೆ. ಹಣವನ್ನು ಒಬ್ಬನ ಬದಲಾಗಿ ಮತ್ತೊಬ್ಬನು ಕೊಡಬಹುದು. ಎದುರಿಗೆ ಬಂದು ನಿಲ್ಲುವುದನ್ನೂ ನಂಬಿಕೆಯನ್ನು ಉಳಿಸಿಕೊಳ್ಳುವುದನ್ನೂ ಒಬ್ಬನಿಗಾಗಿ ಮತ್ತೊಬ್ಬನು ತಲೆಮಾರುಗಟ್ಟಲೆ ಮಾಡಲಾರನೆಂಬುದು ಇದರ ಇಂಗಿತವಾಗಿರಬೇಕು.

ಸ್ಮೃತಿಕಾರರು ಇಲ್ಲಿ ಹೇಳಿದುದು ಲೇವಾದೇವಿಯನ್ನು ಕುರಿತೇ ಹೊರತು ಮನಸ್ಸಿನ ವ್ಯವಹಾರವನ್ನು ಕುರಿತಲ್ಲ. ಆದರೂ ಭಾವದ ಹೊಣೆಯ ಸ್ವರೂಪವನ್ನು ತಿಳಿಯಲು ಈ ವಿಂಗಡಣೆಯು ನಮಗೆ ನೆರವಾಗುತ್ತದೆ. ನೋಯಿಸಿದವನು ತಾನೇ ಎದುರಿಗೆ ಬರಬೇಕು. ನೊಂದವನು ತನ್ನ ನೋವನ್ನು ತಾನೇ ನುಡಿಯಬೇಕು. ಇವೆರಡೂ ಬೇರೆಯವರ ತಲೆಗೆ ಇಳಿಯಬಾರದ ಹೊಣೆಗಳು. ಇಳಿದರೆ ಏನಾಗುತ್ತದೆಂಬುದಕ್ಕೆ ರಾಮಾಯಣವೇ ಸಾಕ್ಷಿ. ಕೈಕೇಯಿಯು ಕೋಪಾಗಾರವನ್ನು ಹೊಕ್ಕಳು. ದಶರಥನು ಹಿಂದೆಂದೋ ಕೊಟ್ಟ ಮಾತಿಗೆ ಸಿಕ್ಕಿಬಿದ್ದನು. ಅವರಿಬ್ಬರ ನಡುವಿನ ಲೆಕ್ಕವನ್ನು ತೀರಿಸಲು ಅಡವಿಗೆ ಹೋದವನು ಮಗನು.

ಇದೇ ಕೋಪಗೃಹದ ಸನ್ನಿವೇಶವನ್ನು ಬೇರೊಂದು ಪರಿಣಾಮದೊಡನೆ ತೋರಿಸುವ ಕಥೆ ಪಾರಿಜಾತದ್ದು. ಹರಿವಂಶದಲ್ಲಿ ಬರುವ ಈ ಕಥೆಯು ಗೋಕಾಕ ಸೀಮೆಯಲ್ಲಿ ಕೇವಲ ಪುರಾಣವಾಗಿ ಉಳಿಯಲಿಲ್ಲ. ‘ಶ್ರೀಕೃಷ್ಣ ಪಾರಿಜಾತ’ವೆಂಬ ಬಯಲಾಟದ ಮೂಲ ಕರ್ತೃ ಅಪರಾಳ ತಮ್ಮಣ್ಣನೆಂದೂ, ಅದನ್ನು ಪರಿಷ್ಕರಿಸಿ ರಂಗಕ್ಕೆ ಒಗ್ಗಿಸಿ ಜನಪ್ರಿಯಗೊಳಿಸಿದವನು ಕುಲಗೋಡ ತಮ್ಮಣ್ಣನೆಂದೂ ಜನಪದ ರಂಗಭೂಮಿಯ ಚರಿತ್ರಕಾರರು ಹೇಳುತ್ತಾರೆ. ಕುಲಗೋಡವು ಹಳೆಯ ಗೋಕಾಕ ತಾಲೂಕಿನ ಊರು. ಸ್ತ್ರೀಪಾತ್ರಗಳನ್ನು ಗಂಡಸರೇ ಧರಿಸುತ್ತಿದ್ದ ಕಾಲದಲ್ಲಿ ಈ ಆಟದ ಮೂಲಕ ಹೆಸರಾದ ಕಲಾವಿದೆ ಕೌಜಲಗಿ ನಿಂಗಮ್ಮನ ಕೌಜಲಗಿಯೂ ಅದೇ ಸೀಮೆಯದು. ಹೀಗೆ ಮೇಲವಂಕಿಯ ಸುತ್ತಣ ಹಳ್ಳಿಗಳ ಜನರು ಗಂಡಹೆಂಡಿರ ಒಂದು ಮುನಿಸಿನ ವೃತ್ತಾಂತವನ್ನು ರಾತ್ರಿಯಿಡೀ ಕುಳಿತು ನೋಡುತ್ತ ಬಂದವರು.

ಕಥೆಯ ತಿರುಳು ಚಿಕ್ಕದು. ನಾರದನು ಸ್ವರ್ಗದ ಪಾರಿಜಾತ ಪುಷ್ಪವೊಂದನ್ನು ತಂದು ಕೃಷ್ಣನಿಗೆ ಕೊಡುತ್ತಾನೆ. ಕೃಷ್ಣನು ಅದನ್ನು ಬಳಿಯಲ್ಲಿದ್ದ ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿಯು ಸತ್ಯಭಾಮೆಗೆ ಮುಟ್ಟುತ್ತದೆ, ಅವಳು ಮುನಿಯುತ್ತಾಳೆ. ಕೃಷ್ಣನು ಅವಳ ಮನೆಗೆ ಬಂದು ಸಂತೈಸಬೇಕಾಗುತ್ತದೆ. ದ್ವಾರಕೆಯ ಅರಸನ ಮನೆಯ ಕಥೆಯಾದರೂ ಆಟದಲ್ಲಿ ಪಾತ್ರಗಳ ಸಂಭಾಷಣೆಯು ಈ ನೆಲದ ಆಡುಮಾತಿನಲ್ಲಿಯೇ ನಡೆಯುವುದರಿಂದ, ಪ್ರೇಕ್ಷಕರಿಗೆ ಅದು ನೆರೆಮನೆಯ ಜಗಳವೆನಿಸುತ್ತದೆ.

ಈ ಜಗಳದಲ್ಲಿ ತಪ್ಪು ಯಾರದು? ಒಂದು ಪಕ್ಷದ ಪ್ರಕಾರ ಸತ್ಯಭಾಮೆಯದು: ಒಂದು ಹೂವಿಗಾಗಿ ಇಷ್ಟು ಹಟವೇ ಎಂಬುದು ಅವರ ವಾದ. ಮತ್ತೊಂದು ಪಕ್ಷದ ಪ್ರಕಾರ ಕೃಷ್ಣನದು: ಇಬ್ಬರು ಹೆಂಡಿರುಳ್ಳವನು ಒಬ್ಬಳಿಗೆ ಕೊಡುವಾಗ ಇನ್ನೊಬ್ಬಳನ್ನು ನೆನೆಯಬೇಡವೇ ಎಂಬುದು ಇವರ ವಾದ. ನಮ್ಮ ಅಭಿಪ್ರಾಯದಲ್ಲಿ ಈ ಎರಡು ವಾದಗಳೂ ಎರಡು ಬೇರೆ ಬೇರೆ ಹೊಣೆಗಳನ್ನು ಒಂದಾಗಿ ಕಲಸುತ್ತವೆ. ಹೂವನ್ನು ಯೋಚಿಸದೆ ಕೊಟ್ಟ ಕಾರ್ಯದ ಹೊಣೆ ಕೃಷ್ಣನದು. ಆ ಕಾರ್ಯದಿಂದ ಎದ್ದ ಮುನಿಸನ್ನು ಏನು ಮಾಡಬೇಕು, ಯಾರಿಗೆ ತಿಳಿಸಬೇಕು, ಎಷ್ಟು ಕಾಲ ಹಿಡಿದಿರಬೇಕು ಎಂಬುದರ ಹೊಣೆ ಸತ್ಯಭಾಮೆಯದು. ಮೊದಲನೆಯದು ಎರಡನೆಯದನ್ನು ಅಳಿಸದು. ಎರಡನೆಯದು ಮೊದಲನೆಯದನ್ನು ಮುಚ್ಚದು. ಕಥೆಯು ಸುಖಾಂತವಾಗುವುದು ಇಬ್ಬರೂ ತಮ್ಮ ತಮ್ಮ ಪಾಲಿನದನ್ನು ಮಾಡುವುದರಿಂದ. ಸತ್ಯಭಾಮೆಯು ತನಗೆ ನೋವಾಗಿಲ್ಲವೆಂದು ನಟಿಸುವುದಿಲ್ಲ. ಕೃಷ್ಣನು ಬಂದಾಗ ತನ್ನ ದೂರನ್ನು ಅವನಿಗೇ ಹೇಳುತ್ತಾಳೆ. ಕೃಷ್ಣನೂ ‘ಇಷ್ಟಕ್ಕೇಕೆ ಸಿಟ್ಟು?’ ಎಂದು ದೂರದಲ್ಲಿ ಉಳಿಯದೆ ತಾನೇ ಬಂದು ಎದುರಿಗೆ ನಿಲ್ಲುತ್ತಾನೆ. ದರ್ಶನದ ಹೊಣೆಯೆಂದರೆ ಇದೇ.

ಇದೇ ಪ್ರಸಂಗವನ್ನು ವಿಜಯನಗರದ ಕೃಷ್ಣದೇವರಾಯನ ಆಸ್ಥಾನದ ತೆಲುಗು ಕವಿ ನಂದಿ ತಿಮ್ಮನನು ಹದಿನಾರನೆಯ ಶತಮಾನದಲ್ಲಿ ‘ಪಾರಿಜಾತಾಪಹರಣಮು’ ಎಂಬ ಕಾವ್ಯವಾಗಿ ಬರೆದನು. ಅಲ್ಲಿ ಸತ್ಯಭಾಮೆಯು ಬಾಗಿದ ಕೃಷ್ಣನ ತಲೆಯನ್ನು ಕಾಲಿನಿಂದ ಒದೆಯುವ ಸನ್ನಿವೇಶವು ರಸಿಕರಲ್ಲಿ ಬಹು ಚರ್ಚೆಗೊಳಗಾಗಿದೆ. ಕೃಷ್ಣನು ಅದಕ್ಕೆ ಪ್ರತಿಯಾಗಿ ಕೋಪಿಸುವುದಿಲ್ಲ. ಕಾವ್ಯದಲ್ಲಿ ಇದು ಶೃಂಗಾರವಾಗಿ ಒಪ್ಪುತ್ತದೆ. ಸಂಸಾರದಲ್ಲಿ ಇದನ್ನು ಆದರ್ಶವೆಂದು ಹೇಳಲಾಗದು. ನೊಂದವರಿಗೆ ನೋಯಿಸುವ ಅಧಿಕಾರ ಬರುವುದಿಲ್ಲ. ಮುನಿಸು ನ್ಯಾಯವಾದುದೆಂದ ಮಾತ್ರಕ್ಕೆ ಮುನಿದವರು ಮಾಡಿದುದೆಲ್ಲ ನ್ಯಾಯವಾಗದು.

ಈ ವಿಷಯದಲ್ಲಿ ಕನ್ನಡದ ವಾಕ್ಯರಚನೆಯೇ ಒಂದು ಸೂಕ್ಷ್ಮವನ್ನು ಸೂಚಿಸುತ್ತದೆ. ‘ನಾನು ಸಿಟ್ಟು ಮಾಡಿದೆ’ ಎಂಬುದಕ್ಕಿಂತ ‘ನನಗೆ ಸಿಟ್ಟು ಬಂತು’ ಎಂಬುದು ನಮಗೆ ಸಹಜವಾದ ಮಾತು. ಸಿಟ್ಟು, ದುಃಖ, ಅಸೂಯೆ, ಭಯ ಇವೆಲ್ಲ ಚತುರ್ಥೀ ವಿಭಕ್ತಿಯ ಬಾಗಿಲಿನಿಂದ ಒಳಗೆ ‘ಬರುತ್ತವೆ’. ಕರೆಯದೆ ಬಂದುದಕ್ಕೆ ಯಾರನ್ನೂ ದೂಷಿಸಲಾಗದು. ಆದುದರಿಂದ ಸಿಟ್ಟು ಬಂದುದೇ ಪಾಪವೆಂದು ಕೊರಗುವುದು ವ್ಯರ್ಥ. ಆದರೆ ಬಂದುದನ್ನು ಎಲ್ಲಿ ಕೂಡಿಸಬೇಕು, ಯಾವಾಗ ಕಳುಹಿಸಬೇಕು ಎಂಬುದು ಮನೆಯೊಡೆಯನ ಕೆಲಸ. ‘ನೀನೇ ನನಗೆ ಸಿಟ್ಟು ಬರಿಸಿದೆ’ ಎನ್ನುವವನು ತನ್ನ ಮನೆಯ ಒಡೆತನವನ್ನೇ ಎದುರಿನವನಿಗೆ ಬಿಟ್ಟುಕೊಟ್ಟಂತಾಗುತ್ತದೆ. ಕೋಪದ ಮೊದಲ ಹಾನಿ ಕೋಪಿಸಿಕೊಂಡವನಿಗೇ ಎಂಬ ಭಾವವನ್ನು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ತಮ್ಮ ವಚನದಲ್ಲಿ ಬೋಧಿಸಿರುವರು.

ಹೊಣೆಯು ತಪ್ಪಿದಾಗ ಅದು ಹೋಗಿ ಬೀಳುವುದು ಬಲಹೀನರ ಮೇಲೆ. ‘ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ’ ಎಂಬ ಗಾದೆಯೂ ‘ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆಯೂ ಒಂದೇ ಸತ್ಯದ ಎರಡು ಮುಖಗಳು. ಪಾರಿಜಾತದಂತಹ ಆಟಗಳಲ್ಲಿ ನಾಯಕ ನಾಯಿಕೆಯರ ನಡುವೆ ಓಡಾಡಲು ಸಖಿಯೋ ದೂತಿಯೋ ಇರುತ್ತಾಳೆ. ರಂಗದ ಮೇಲೆ ಅವಳ ಓಡಾಟವು ನಗೆಗೆ ಆಸ್ಪದ. ಮನೆಯಲ್ಲಿ ಆ ಪಾತ್ರವು ಅನೇಕ ವೇಳೆ ಎಂಟು ಹತ್ತು ವರ್ಷದ ಮಗುವಿಗೆ ಬರುತ್ತದೆ: ‘ನಿಮ್ಮಪ್ಪಗ ಊಟಕ್ಕ ಏಳಂತ ಹೇಳು’, ‘ನನಗ ಹಸಿವಿಲ್ಲಂತ ನಿಮ್ಮವ್ವಗ ಹೇಳು’. ಒಂದೇ ಕೋಣೆಯಲ್ಲಿರುವ ಇಬ್ಬರು ಹಿರಿಯರ ನಡುವೆ ಮಗುವು ದೂತನಾಗಿ ನಿಂತು, ಇಬ್ಬರ ಮುಖವನ್ನೂ ಓದುವುದನ್ನು ಕಲಿಯುತ್ತದೆ. ತನ್ನ ಮನಸ್ಸನ್ನು ಓದಿಕೊಳ್ಳುವುದಕ್ಕೆ ಅದಕ್ಕೆ ಬಿಡುವು ದೊರೆಯುವುದಿಲ್ಲ.

ಇದನ್ನು ಆಧುನಿಕ ಮನೋವೈದ್ಯರೂ ಗುರುತಿಸಿದ್ದಾರೆ. ಅಮೆರಿಕೆಯ ಮರ‍್ರೆ ಬೋವೆನ್ ಎಂಬ ವೈದ್ಯನು ೧೯೫೪ರಿಂದ ೧೯೫೯ರವರೆಗೆ ಅಲ್ಲಿಯ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ರೋಗಿಗಳೊಡನೆ ಅವರ ಕುಟುಂಬದವರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಂಡು ಅಭ್ಯಾಸ ಮಾಡಿದನು. ಇಬ್ಬರ ನಡುವಣ ಬಿಗುಪು ಹೆಚ್ಚಿದಾಗ ಅವರು ಮೂರನೆಯವರನ್ನು ಒಳಗೆ ಎಳೆದುಕೊಳ್ಳುತ್ತಾರೆಂಬುದನ್ನು ಆತನು ‘ತ್ರಿಕೋನ’ವೆಂದು ಕರೆದನು. ಕುಟುಂಬದೊಡನೆ ಬಾಂಧವ್ಯವನ್ನು ಕಡಿದುಕೊಳ್ಳದೆ, ಅದರ ಬಿಗುಪಿನಲ್ಲಿ ಕರಗಿಯೂ ಹೋಗದೆ, ತನ್ನ ವಿಚಾರವನ್ನು ತಾನು ಶಾಂತವಾಗಿ ಹೇಳಬಲ್ಲ ಶಕ್ತಿಯೇ ವ್ಯಕ್ತಿತ್ವದ ಬೆಳವಣಿಗೆಯ ಲಕ್ಷಣವೆಂಬುದು ಆತನ ಸಿದ್ಧಾಂತದ ಸಾರ. ಮನೆಬಿಟ್ಟು ಹೋದವನೇ ಸ್ವತಂತ್ರನೆಂದು ತಿಳಿಯುವುದು ಈ ದೃಷ್ಟಿಯಿಂದ ಸರಿಯಲ್ಲ. ಮಾತು ಬಿಟ್ಟವನೂ ಆ ಮುನಿಸಿಗೆ ಕಟ್ಟುಬಿದ್ದವನೇ.

ಹಿಂದಿನ ಮನೆಗಳಲ್ಲಿ ಹೆಣ್ಣುಮಕ್ಕಳ ನೋವಿಗೆ ಒಂದು ಹೊರದಾರಿಯಿತ್ತು. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತವಳು ತವರಿನ ನೆನಪನ್ನೂ ಅತ್ತೆಯ ಮನೆಯ ಅಳಲನ್ನೂ ತ್ರಿಪದಿಯಲ್ಲಿ ಹಾಡಿಕೊಳ್ಳುತ್ತಿದ್ದಳು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಪ್ರಕಟಿಸಿದಾಗ ಓದುಬಲ್ಲ ಜನರಿಗೆ ಈ ಅಂತರಂಗದ ಪರಿಚಯವಾಯಿತು. ಕಲ್ಲು ಚಾಡಿ ಹೇಳುವುದಿಲ್ಲ; ಆದುದರಿಂದ ಅದರ ಮುಂದೆ ಹೇಳಿಕೊಂಡ ದುಃಖವು ಹಗುರಾಗುತ್ತಿತ್ತು. ಆದರೆ ಯಾರಿಂದ ನೋವಾಯಿತೋ ಅವರ ಕಿವಿಗೆ ಅದು ಮುಟ್ಟುವ ಭರವಸೆಯಿರಲಿಲ್ಲ. ಹಿಟ್ಟಿನ ಗಿರಣಿಗಳು ಬಂದ ಮೇಲೆ ಕಲ್ಲೂ ಮೂಲೆಗೆ ಸೇರಿತು. ಸಂತೈಕೆಯ ಹಳೆಯ ತಾಣ ಹೋಯಿತು. ನೇರವಾಗಿ ಮಾತನಾಡುವ ಹೊಸ ರೂಢಿಯು ಎಲ್ಲ ಮನೆಗಳಿಗೂ ಇನ್ನೂ ಬಂದಿಲ್ಲ.

ಈ ಅಭಾವವು ಇಂದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಪಾಲಿನ ಪ್ರಶ್ನೆಯಲ್ಲಿ. ಕರ್ನಾಟಕದಲ್ಲಿ ೧೯೯೪ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಆ ವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕನ್ನು ಕೊಟ್ಟಿತು. ಕೇಂದ್ರದ ೨೦೦೫ರ ಕಾಯಿದೆಯು ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ಮಗಳು ಹುಟ್ಟಿನಿಂದಲೇ ಹಕ್ಕುದಾರಳಾದುದರಿಂದ ೨೦೦೫ರಲ್ಲಿ ತಂದೆಯು ಬದುಕಿರಲೇಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ನಿರ್ಣಯಿಸಿತು. ಹೀಗೆ ವಿಜ್ಞಾನೇಶ್ವರನು ಮಗನಿಗೆ ಹೇಳಿದ ಜನ್ಮಸಿದ್ಧ ಹಕ್ಕು ಒಂಬತ್ತು ಶತಮಾನಗಳ ತರುವಾಯ ಮಗಳಿಗೂ ದೊರೆಯಿತು. ಅದೇ ೨೦೦೫ರ ಕಾಯಿದೆಯು, ಮುಂದೆ ತಂದೆ ಮಾಡುವ ಸಾಲಕ್ಕೆ ಕೇವಲ ಮಗನೆಂಬ ಧರ್ಮಬದ್ಧತೆಯ ಕಾರಣದಿಂದ ಮಗನನ್ನು ಹಿಡಿಯಲಾಗದೆಂದೂ ವಿಧಿಸಿತು. ಒಂದೇ ಕಾಯಿದೆಯಿಂದ ಹಕ್ಕು ವಿಸ್ತಾರವಾಯಿತು, ಋಣವು ಸಂಕೋಚಗೊಂಡಿತು.

ಆದರೆ ಕಾಯಿದೆಯು ಹೊಲವನ್ನು ಹಂಚಬಲ್ಲದೇ ಹೊರತು ಮನಸ್ಸನ್ನು ತಿಳಿಗೊಳಿಸಲಾರದು. ಘಟಪ್ರಭೆಯ ನೀರು ಹರಿದು ಕಬ್ಬು ಬೆಳೆಯುವ ಭೂಮಿಗೆ ಬೆಲೆ ಹೆಚ್ಚು; ಹೆಚ್ಚಿದ ಬೆಲೆಯೊಡನೆ ಮುನಿಸಿನ ಬೆಲೆಯೂ ಹೆಚ್ಚುತ್ತದೆ. ಅಕ್ಕತಂಗಿಯರು ಹಕ್ಕುಬಿಡುಗಡೆಯ ಪತ್ರಕ್ಕೆ ಸಹಿ ಹಾಕಬೇಕಾದ ಸಂದರ್ಭದಲ್ಲಿ ಅವರ ಮುಂದೆ ಇಡಲಾಗುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ತವರು ಬೇಕೋ, ಪಾಲು ಬೇಕೋ?’ ಇಲ್ಲಿ ನಡೆಯುವುದನ್ನು ಬಿಡಿಸಿ ನೋಡಬೇಕು. ತಂಗಿಯು ಕೇಳುವುದು ನ್ಯಾಯವಾದ ಹಕ್ಕು. ಅದರಿಂದ ಅಣ್ಣನಿಗೆ ಆತಂಕವೋ ಬೇಸರವೋ ಆಗಬಹುದು, ಅದೂ ಸಹಜವೇ. ಆದರೆ ಆ ಬೇಸರವನ್ನು ನಿರ್ವಹಿಸುವ ಭಾರವನ್ನು ತಂಗಿಯ ಮೇಲೆ ಹೊರಿಸಿ, ‘ಅಣ್ಣನ ಮನಸ್ಸು ನೋಯಿಸಿದವಳು’ ಎಂಬ ಹೆಸರನ್ನು ಅವಳಿಗೆ ಕೊಡುವುದು ಸಹಜವಲ್ಲ, ನ್ಯಾಯವೂ ಅಲ್ಲ. ತನ್ನ ಆತಂಕವನ್ನು ಅಣ್ಣನು ತಾನೇ ನುಡಿಯಬಹುದು: ಸಾಲವಿದೆ, ಹೊಲ ಚಿಕ್ಕದು, ದಾರಿ ಹುಡುಕೋಣ ಎನ್ನಬಹುದು. ತಂಗಿಯೂ ತನ್ನ ಮನಸ್ಸನ್ನು ತಾನು ಅರಿತು, ಬೇಕಾದರೆ ಬೇಕೆಂದೂ, ಬಿಡುವುದಾದರೆ ಸ್ವಸಂತೋಷದಿಂದ ಬಿಡುವೆನೆಂದೂ ಹೇಳಬಹುದು. ಭಯದಿಂದ ಹಾಕಿದ ಸಹಿಯು ತವರನ್ನು ಉಳಿಸುವುದಿಲ್ಲ. ಹಬ್ಬಕ್ಕೆ ಬಂದವಳ ಮೌನದಲ್ಲಿ ಅದು ವರ್ಷವರ್ಷವೂ ಕಾಣಿಸಿಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳುವುದು ಅವಶ್ಯ. ‘ನಿನ್ನ ಭಾವಕ್ಕೆ ನೀನೇ ಹೊಣೆ’ ಎಂಬ ಮಾತು ದುರ್ಬಲರ ಬಾಯಿ ಮುಚ್ಚಿಸುವ ಸಾಧನವೂ ಆಗಬಲ್ಲುದು. ಹೊಡೆತ ತಿಂದವಳಿಗೆ ‘ನೀನು ನೊಂದುಕೊಳ್ಳದಿದ್ದರಾಯಿತು’ ಎನ್ನುವುದು ಹೊಣೆಗಾರಿಕೆಯ ಉಪದೇಶವಲ್ಲ. ಅಪರಾಧಿಯ ಹೊಣೆಯನ್ನು ನೊಂದವಳ ತಲೆಗೆ ವರ್ಗಾಯಿಸುವ ಕುಟಿಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಗಾಗಿ ಮಾಡಿದ ೨೦೦೫ರ ಕಾಯಿದೆಯು ದೈಹಿಕ ಹಿಂಸೆಯೊಡನೆ ಮಾತಿನ ಹಾಗೂ ಭಾವನಾತ್ಮಕ ಹಿಂಸೆಯನ್ನೂ ದೌರ್ಜನ್ಯವೆಂದೇ ಗಣಿಸಿದೆ. ಹಿಂಸೆಯಿರುವಲ್ಲಿ ಮೊದಲ ಕರ್ತವ್ಯ ರಕ್ಷಣೆ. ಆತ್ಮಪರೀಕ್ಷೆಯ ಮಾತು ಆ ಮೇಲಿನದು. ಅಂತಹ ಸಂದರ್ಭದಲ್ಲಿ ನೆರವನ್ನು ಬೇಡುವುದೂ ತನ್ನ ಹೊಣೆಯನ್ನು ತಾನು ಹೊತ್ತುಕೊಳ್ಳುವ ಒಂದು ಬಗೆಯೇ ಆಗಿದೆ.

ಹಾಗಾದರೆ ಭಾವದ ಹೊಣೆಯನ್ನು ಹೊರುವ ಕ್ರಮವೇನು? ಮೇಲಿನ ನಿದರ್ಶನಗಳಿಂದ ಮೂರು ಅಂಶಗಳು ದೊರೆಯುತ್ತವೆ. ಬಂದ ಭಾವವನ್ನು ಮೊದಲು ಅದರ ಹೆಸರಿನಿಂದ ಗುರುತಿಸಬೇಕು. ಎಷ್ಟೋ ವೇಳೆ ಸಿಟ್ಟೆಂದು ತೋರುವುದು ಒಳಗೆ ಭಯವೋ ಅವಮಾನವೋ ಆಗಿರುತ್ತದೆ. ಎರಡನೆಯದಾಗಿ, ಅದನ್ನು ಸಂಬಂಧಪಟ್ಟವರಿಗೇ, ಮೂರನೆಯವರ ಮಧ್ಯಸ್ಥಿಕೆಯಿಲ್ಲದೆ ಹೇಳಬೇಕು; ಹೇಳುವಾಗ ‘ನೀನು ಇಂಥವನು’ ಎನ್ನುವುದಕ್ಕಿಂತ ‘ಇದರಿಂದ ನನಗೆ ಹೀಗಾಯಿತು’ ಎನ್ನಬೇಕು. ಮೂರನೆಯದಾಗಿ, ನೋಯಿಸಿದವರು ತಾವೇ ಎದುರಿಗೆ ಬಂದು, ಕೇಳಿ, ತಮ್ಮ ಪಾಲಿನ ತಪ್ಪಿಗೆ ಮಾತ್ರ ಒಪ್ಪಿಕೊಂಡು, ಆದಷ್ಟನ್ನು ಸರಿಪಡಿಸಬೇಕು. ಮಾಡದ ತಪ್ಪನ್ನೂ ಒಪ್ಪಿಕೊಂಡು ಮನೆಯ ಶಾಂತಿಯನ್ನು ಕೊಳ್ಳುವುದು ಔದಾರ್ಯವೆಂದು ತೋರಿದರೂ, ಎದುರಿನವರ ಹೊಣೆಯನ್ನು ಕಸಿದುಕೊಂಡಂತೆಯೇ ಸರಿ.

ಅವಿಭಕ್ತ ಕುಟುಂಬಗಳು ಕಡಮೆಯಾದುದರಿಂದ ಈ ಪ್ರಶ್ನೆಯ ಮಹತ್ತ್ವವು ಕುಂದಿಲ್ಲ, ಹೆಚ್ಚಿದೆ ಎನ್ನಬೇಕು. ದೊಡ್ಡ ಮನೆಯಲ್ಲಿ ಇಬ್ಬರ ಮುನಿಸು ಹತ್ತು ಜನರ ನಡುವೆ ಹರಡಿ ತೆಳುವಾಗುತ್ತಿತ್ತು. ನಾಲ್ವರ ಮನೆಯಲ್ಲಿ ಅದು ನೇರವಾಗಿ ಮಗುವನ್ನು ಮುಟ್ಟುತ್ತದೆ. ತಂದೆಯ ಕುಡಿತದ, ಜೂಜಿನ ಸಾಲವನ್ನು ಮಗನು ತೀರಿಸಬೇಕಿಲ್ಲವೆಂದು ಪ್ರಾಚೀನರೇ ಒಪ್ಪಿದ್ದರು. ತಂದೆತಾಯಿಗಳು ತೀರಿಸದೆ ಬಿಟ್ಟ ಮುನಿಸನ್ನೂ ಮಕ್ಕಳ ಲೆಕ್ಕಕ್ಕೆ ಬರೆಯಬಾರದೆಂಬ ತಿಳಿವಳಿಕೆಯು ನಮ್ಮ ಮನೆಗಳಲ್ಲಿ ನೆಲೆಗೊಳ್ಳಬೇಕಾಗಿದೆ. ಅದನ್ನು ನ್ಯಾಯಾಲಯವು ವಿಧಿಸಲಾರದು. ಮಾತು ಬಿಟ್ಟ ಇಬ್ಬರಲ್ಲಿ ಒಬ್ಬರು ಮೊದಲು ಎದ್ದು, ನಡುವಣ ಅಂಗಳವನ್ನು ದಾಟಿ ಮಾತನಾಡಿಸಬೇಕು.